ಕಟ್ಟಿದ ಕೈ ಬಡವರನ್ನು ಮೇಲೆತ್ತಲಾರದು

ಸಂಬಳದಿಂದ ಬದುಕು ಸಾಗಿಸುವ ನಮ್ಮ ಕಥೋಲಿಕ ಕುಟುಂಬಗಳಿಗೆ ವೃತ್ತಿ ತೆರಿಗೆ ಹೊಸದಲ್ಲ. ಶಿಕ್ಷಕರು, ದಾದಿಯರು, ಕಚೇರಿ ನೌಕರರು ತಮ್ಮ ವೇತನ ಚೀಟಿಯಲ್ಲಿ ಆ ಸಾಲನ್ನು ಪ್ರತಿ ತಿಂಗಳೂ ಕಾಣುತ್ತಾರೆ. ರಾಜ್ಯದಲ್ಲಿ ತಿಂಗಳಿಗೆ ರೂ. 25,000 ಅಥವಾ ಅದಕ್ಕಿಂತ ಹೆಚ್ಚು ಸಂಬಳವುಳ್ಳವರು ರೂ. 200 ತೆರುತ್ತಾರೆ. 2025ರ ತಿದ್ದುಪಡಿಯ ನಂತರ ಫೆಬ್ರವರಿ ತಿಂಗಳಲ್ಲಿ ಮಾತ್ರ ಅದು ರೂ. 300. ಒಟ್ಟು ವರ್ಷಕ್ಕೆ ರೂ. 2,500.

ಚಳ್ಳಕೆರೆಯ ಶಾಲೆಯೊಂದರಲ್ಲಿ ಮೂವತ್ತು ಸಾವಿರ ಸಂಬಳ ಪಡೆಯುವ ಶಿಕ್ಷಕಿ ತೆರುವುದೂ ಇಷ್ಟೇ. ಬೆಂಗಳೂರಿನ ಕಂಪನಿಯೊಂದರಲ್ಲಿ ತಿಂಗಳಿಗೆ ಹತ್ತು ಲಕ್ಷ ಎಣಿಸಿಕೊಳ್ಳುವ ಅಧಿಕಾರಿ ತೆರುವುದೂ ಇಷ್ಟೇ. ಇದು ಯಾವ ನ್ಯಾಯವೆಂದು ಶಾಸಕರನ್ನು ಕೇಳಿದರೆ ಅವರು ಕೈಚೆಲ್ಲಬೇಕಾಗುತ್ತದೆ. ಏಕೆಂದರೆ ಅವರ ಕೈಯನ್ನು ಸಂವಿಧಾನದ 276ನೇ ವಿಧಿ ಕಟ್ಟಿಹಾಕಿದೆ. ಯಾವ ವ್ಯಕ್ತಿಯಿಂದಲೂ ವರ್ಷಕ್ಕೆ ರೂ. 2,500ಕ್ಕಿಂತ ಹೆಚ್ಚು ವೃತ್ತಿ ತೆರಿಗೆ ಪಡೆಯಕೂಡದೆಂಬುದು ಆ ವಿಧಿಯ ಕಟ್ಟಳೆ. ಮೊದಲು ಈ ಮಿತಿ ರೂ. 250 ಇತ್ತು. 1988ರ 60ನೇ ತಿದ್ದುಪಡಿ ಅದನ್ನು ರೂ. 2,500ಕ್ಕೆ ಏರಿಸಿತು. ಅಂದು ಹಲವು ನೌಕರರ ತಿಂಗಳ ಸಂಬಳವೇ ಅಷ್ಟಿರಲಿಲ್ಲ. ಬೆಲೆಗಳೂ ಸಂಬಳಗಳೂ ಎಷ್ಟೋ ಪಟ್ಟು ಬೆಳೆದವು. ಮಿತಿ ಮಾತ್ರ ನಿಂತಲ್ಲೇ ನಿಂತಿತು. 14ನೇ ಹಣಕಾಸು ಆಯೋಗ ಇದನ್ನು ರೂ. 12,000ಕ್ಕೂ, 15ನೇ ಆಯೋಗ ರೂ. 18,000ಕ್ಕೂ ಏರಿಸಲು ಶಿಫಾರಸು ಮಾಡಿದವು. ಸಂಸತ್ತು ವಿಶೇಷ ಬಹುಮತದಿಂದ ತಿದ್ದದ ಹೊರತು ವಿಧಾನಸಭೆ ಏನನ್ನೂ ಮಾಡಲಾರದು.

"ಹಾಗೇ ಇರಲಿ ಬಿಡಿ, ಕೈ ಬಿಚ್ಚಿದರೆ ರಾಜಕಾರಣಿಗಳು ನಮ್ಮನ್ನು ಸುಲಿಯುತ್ತಾರೆ" ಎನ್ನುವವರಿದ್ದಾರೆ. ಈ ಭಯ ಕಾರಣವಿಲ್ಲದ್ದೆಂದು ನಾವು ಹೇಳುವುದಿಲ್ಲ. ಬೆವರಿನ ಹಣ ಪೋಲಾಗುವುದನ್ನು ಕಂಡವರು ನಾವೂ ಹೌದು. ಆದರೆ ಭಯದಿಂದ ಕಟ್ಟಿದ ಬೇಲಿ ಯಾರನ್ನು ಕಾಯುತ್ತದೆಂಬುದನ್ನು ನೋಡಬೇಕು.

ಇಂಥ ಬೇಲಿಯ ಪ್ರಸಿದ್ಧ ಉದಾಹರಣೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ್ದು. 1978ರ ಜೂನ್‌ನಲ್ಲಿ ಅಲ್ಲಿನ ಮತದಾರರೇ ಮತ ಚಲಾಯಿಸಿ ಆಸ್ತಿ ತೆರಿಗೆಗೆ ಮಿತಿ ಹಾಕಿದರು. ರಾಜ್ಯದ ತೆರಿಗೆ ಏರಿಸಲು ಶಾಸನಸಭೆಯ ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗದ ಬಹುಮತ ಬೇಕೆಂದೂ ವಿಧಿಸಿದರು. ಹೀಗಾಗಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಸದಸ್ಯರು ಒಗ್ಗೂಡಿದರೆ ಉಳಿದವರ ಮಾತೆಲ್ಲ ವ್ಯರ್ಥ. 2009ರ ಆರ್ಥಿಕ ಮುಗ್ಗಟ್ಟಿನಲ್ಲಿ ಅಲ್ಲಿನ ಆಯವ್ಯಯ ಕಗ್ಗಂಟಾಗಿ, ಆ ಸಿರಿವಂತ ರಾಜ್ಯವೇ ತನ್ನ ಬಾಕಿದಾರರಿಗೆ ಹಣದ ಬದಲು ಸಾಲಪತ್ರಗಳನ್ನು ನೀಡಬೇಕಾಯಿತು.

ನಮ್ಮಲ್ಲಿ ಅಂಥ ಜನಮತದ ಪದ್ಧತಿ ಇಲ್ಲ. ಆದರೂ ರಾಜ್ಯದ ಶಾಸನಸಭೆಗೆ ಉಳಿದಿರುವ ಅವಕಾಶ ಕಿರಿದಾಗುತ್ತಿದೆ. 2017ರ ಜುಲೈ 1ರಿಂದ ಬಹುತೇಕ ವಸ್ತುಗಳ ತೆರಿಗೆ ದರ ಸರಕು ಮತ್ತು ಸೇವಾ ತೆರಿಗೆ ಮಂಡಳಿಯ ಮುಂದೆ ನಿಷ್ಕರ್ಷೆಯಾಗುತ್ತದೆ. ಅಲ್ಲಿ ನಿರ್ಣಯಕ್ಕೆ ಮತಗಳ ನಾಲ್ಕನೇ ಮೂರು ಭಾಗ ಬೇಕು. ಮೂರನೇ ಒಂದು ಭಾಗದ ತೂಕ ಕೇಂದ್ರದ್ದೇ. ಜವಳಿಯ ತೆರಿಗೆಯನ್ನು ಶೇ. 5ರಿಂದ 12ಕ್ಕೆ ಏರಿಸುವ ತೀರ್ಮಾನ 2022ರ ಜನವರಿ 1ರಿಂದ ಜಾರಿಯಾಗಬೇಕಿತ್ತು. ಹಲವು ರಾಜ್ಯಗಳು ಆಕ್ಷೇಪಿಸಿದ ಮೇಲೆ ಹಿಂದಿನ ದಿನ ಅದನ್ನು ಮುಂದೂಡಲಾಯಿತು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗಗಳ ಮುಂದೆ ಮತ ಕೇಳಲು ಬರುವ ಶಾಸಕರಿಗೆ ಆ ದರದ ಮೇಲೆ ನೇರ ಹಿಡಿತವಿಲ್ಲ. ದೇಶಕ್ಕೆ ಒಂದೇ ಮಾರುಕಟ್ಟೆ ಬೇಕೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಉಳಿದ ಕೆಲವೇ ಬಾಗಿಲುಗಳನ್ನೂ ಹಳೆಯ ಮಿತಿಗಳಿಂದ ಮುಚ್ಚಿಡುವುದು ವಿವೇಕವಲ್ಲ.

ಇದರ ಬಿಸಿ ತಟ್ಟುವುದು ಯಾರಿಗೆ? ಹಣವಂತನಿಗೆ ಸರ್ಕಾರಿ ಆಸ್ಪತ್ರೆ ಬೇಡ, ಸರ್ಕಾರಿ ಶಾಲೆ ಬೇಡ, ಊರ ಕೆರೆಗೆ ನೀರು ಬಾರದಿದ್ದರೂ ನಡೆದೀತು. ಮಳೆ ಕೈಕೊಟ್ಟು ಶೇಂಗಾ ಬೆಳೆ ಒಣಗಿದ ನಮ್ಮ ಬಯಲುಸೀಮೆಯ ರೈತನಿಗೆ ಸಾರ್ವಜನಿಕ ಬೊಕ್ಕಸದ ಹೊರತು ಬೇರೆ ಆಸರೆ ಎಲ್ಲಿದೆ? ಭದ್ರಾ ಮೇಲ್ದಂಡೆ ಯೋಜನೆಯನ್ನೇ ನೋಡಿರಿ. 2023ರ ಕೇಂದ್ರ ಆಯವ್ಯಯದಲ್ಲಿ ಅದಕ್ಕೆ ರೂ. 5,300 ಕೋಟಿ ನೆರವು ಘೋಷಣೆಯಾಯಿತು. ಆ ಹಣ ಬರಲಿಲ್ಲವೆಂದು ರಾಜ್ಯ ಸರ್ಕಾರ 2024ರಲ್ಲಿ ದೆಹಲಿಯಲ್ಲೇ ದೂರಿತು. ಪರರ ಕೈ ನೋಡುವ ರಾಜ್ಯದ ಪಾಡು ಇದು.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ತೆರಿಗೆ ಸಲ್ಲಿಸುವುದು ನೈತಿಕ ಕರ್ತವ್ಯವೆಂದು ಕಥೋಲಿಕ ಧರ್ಮೋಪದೇಶ ಸಾರುತ್ತದೆ. ಜಗದ್ಗುರು ಇಪ್ಪತ್ತಮೂರನೇ ಜಾನ್‌ರವರು 1961ರ ತಮ್ಮ ವಿಶ್ವಪತ್ರದಲ್ಲಿ ತೆರಿಗೆಯ ಹೊರೆ ಪ್ರತಿಯೊಬ್ಬರ ಶಕ್ತಿಗೆ ಅನುಗುಣವಾಗಿರಬೇಕೆಂದು ಬೋಧಿಸಿದರು. ಶಿಕ್ಷಕಿಗೂ ಕೋಟ್ಯಧೀಶನಿಗೂ ಒಂದೇ ಎರಡೂವರೆ ಸಾವಿರ ವಿಧಿಸುವ ಮಿತಿ ಈ ತತ್ತ್ವಕ್ಕೆ ನೇರ ವಿರುದ್ಧ. ಧರ್ಮಸಭೆ ನಡೆಸುವ ಶಾಲೆ, ಆಸ್ಪತ್ರೆಗಳ ಸೇವೆ ದೊಡ್ಡದೇ. ಆದರೆ ದಾನವು ನ್ಯಾಯದ ಸ್ಥಾನವನ್ನು ತುಂಬಲಾರದು.

ಹಾಗೆಂದು ಬಡವರ ಮೇಲೆ ಹೊರೆ ಹೆಚ್ಚಿಸಿರೆಂದು ನಾವು ಹೇಳುತ್ತಿಲ್ಲ. ಸಣ್ಣ ಸಂಬಳದವರಿಗೆ ವಿನಾಯಿತಿ ಮುಂದುವರಿಯಲಿ. ಮಧ್ಯಮ ವರ್ಗಕ್ಕೆ ಹಗುರವಾದ ದರವಿರಲಿ. ಹೆಚ್ಚು ಗಳಿಸುವವರು ಹೆಚ್ಚು ತೆರುವ ಶ್ರೇಣಿಯನ್ನು ವಿಧಾನಸಭೆಯೇ ಬಹಿರಂಗವಾಗಿ ಚರ್ಚಿಸಿ ನಿರ್ಧರಿಸಲಿ. ಅದಕ್ಕಾಗಿ ಸಂಸತ್ತು 276ನೇ ವಿಧಿಯ ಮಿತಿಯನ್ನು ಸಡಿಲಿಸಬೇಕು. ಮಿತಿ ಏರಿದರೆ ನಮ್ಮ ಕೆಲವು ಮನೆಗಳ ವೇತನ ಚೀಟಿಯಲ್ಲೂ ಆ ಸಾಲು ದೊಡ್ಡದಾದೀತು. ಅದನ್ನು ತಿಳಿದೇ ನಾವು ಈ ಮಾತನ್ನು ಬರೆಯುತ್ತಿದ್ದೇವೆ.

ದುಂದುಗಾರ ಶಾಸಕನಿಗೆ ಮದ್ದು ಸಂವಿಧಾನದ ಬೀಗವಲ್ಲ, ಎಚ್ಚೆತ್ತ ಮತದಾರ. ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳೋಣ. ಮತ ಕೇಳಲು ಬಂದವರನ್ನು ನಮ್ಮ ತೆರಿಗೆಯಿಂದ ಯಾವ ಊರಿಗೆ ನೀರು ಬಂತು, ಯಾವ ಆಸ್ಪತ್ರೆಗೆ ವೈದ್ಯರು ಬಂದರು ಎಂದು ವಿಚಾರಿಸೋಣ. ಉತ್ತರ ಸರಿಯಿಲ್ಲದಿದ್ದರೆ ಅವರನ್ನು ಬದಲಿಸುವ ಅಧಿಕಾರ ನಮ್ಮಲ್ಲಿದೆ. ನಾವು ಆರಿಸಿ ಕಳಿಸಿದವರ ಕೈಯನ್ನು ಮೊದಲೇ ಕಟ್ಟಿಹಾಕಿ, ಆಮೇಲೆ ಅವರು ನಮಗೇನೂ ಮಾಡಲಿಲ್ಲವೆಂದು ದೂರುವುದು ನಮಗೆ ಶೋಭಿಸದು.