ಕ್ಯಾಮೆರಾ ಹೋಗದಿದ್ದ ಕಡೆ

ಪತ್ರಿಕಾ ಛಾಯಾಚಿತ್ರವೇ ವಸಾಹತು ಸಂಘರ್ಷಗಳ ನಿಷ್ಪಕ್ಷಪಾತ ಸಾಕ್ಷಿ, ವರದಿಗಾರ ತಿರುಚಿದರೂ ಕ್ಯಾಮೆರಾ ತಿರುಚದು ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಕ್ಯಾಮೆರಾವನ್ನು ಎಲ್ಲಿಗೆ ಬಿಟ್ಟರು ಎಂಬ ಪ್ರಶ್ನೆಯನ್ನು ಲೇಖಕರು ಕೇಳಿಯೇ ಇಲ್ಲ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಕೀನ್ಯಾದಲ್ಲಿ ನಡೆದ ಮೌ ಮೌ ದಂಗೆಯನ್ನೇ ನೋಡಿ. 1953ರಲ್ಲಿ ಕೊಲೆಯಾದ ಬಿಳಿಯ ಬಾಲಕನ ಕೋಣೆ, ರಕ್ತಸಿಕ್ತ ಆಟಿಕೆಗಳು ಬ್ರಿಟಿಷ್ ಪತ್ರಿಕೆಗಳಲ್ಲಿ ಅಚ್ಚಾದವು. ಆ ಚಿತ್ರ ನಿಜ, ಆ ಸಾವು ಘೋರ. ಆದರೆ ಇಡೀ ದಂಗೆಯಲ್ಲಿ ಸತ್ತ ಬಿಳಿಯ ವಲಸಿಗರು 32. ಸರ್ಕಾರದ ಲೆಕ್ಕದಲ್ಲೇ ಹತರಾದ ಬಂಡುಕೋರರು 11,000ಕ್ಕೂ ಹೆಚ್ಚು. ಗಲ್ಲಿಗೇರಿದವರೇ ಸಾವಿರ ದಾಟಿದರು. ಅವರ ಮನೆಗಳ ಒಳಗನ್ನು ಓದುಗರಿಗೆ ಯಾರು ತೋರಿಸಿದರು?

ವಸಾಹತು ಆಳ್ವಿಕೆಯ ಕಾಂಗೋದ ಕ್ರೌರ್ಯವನ್ನು ಚಿತ್ರಗಳೇ ಬಯಲಿಗೆಳೆದವಲ್ಲವೇ ಎನ್ನಬಹುದು. ಹೌದು, ಆದರೆ ಅವನ್ನು ತೆಗೆದದ್ದು ಅಲ್ಲೇ ನೆಲೆಸಿದ್ದ ಮಿಷನರಿಗಳು, ಪತ್ರಿಕೆಗಳಲ್ಲ. ಮತ್ತೆ ಕೀನ್ಯಾಕ್ಕೆ ಬಂದರೆ, ಅಲ್ಲಿನ ಹೋಲಾ ಶಿಬಿರದಲ್ಲಿ 1959ರಲ್ಲಿ 11 ಬಂಧಿಗಳನ್ನು ಹೊಡೆದು ಕೊಂದಾಗ, ನೀರು ಕುಡಿದು ಸತ್ತರೆಂದು ಅಧಿಕಾರಿಗಳು ಮೊದಲು ಹೇಳಿದರು. ಆ ಸುಳ್ಳನ್ನು ಮುರಿದದ್ದು ಮರಣೋತ್ತರ ಪರೀಕ್ಷೆ.