ಒಂದೇ ದಿನ, ಎಲ್ಲ ತೋಟಕ್ಕೂ ಎಂದವರು ನೀವೇ ಅಲ್ಲವೇ?

ಮಾನ್ಯ ಅಧಿಕಾರಿಗಳೇ,

ಅರ್ಜಿ ಕೊಟ್ಟೆವು, ಕಚೇರಿಗೆ ಬಂದೆವು, ಫೋನ್ ಮಾಡಿದೆವು. ತಮ್ಮಿಂದ ಸರಿಯಾದ ಉತ್ತರ ಬರಲಿಲ್ಲ. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮಾವು ಹೂ ಬಿಟ್ಟಿದ್ದಾಗ ತಾವು ನಮ್ಮೂರ ಅರಳಿಕಟ್ಟೆಯ ಮುಂದೆ ಸಭೆ ನಡೆಸಿದಿರಿ. ಈ ಸಲ ಹಣ್ಣಿನ ಊಜಿ ನೊಣಕ್ಕೆ ಔಷಧಿ ಹೊಡೆಯಬೇಡಿ, ಏಪ್ರಿಲ್‌ನಲ್ಲಿ ಒಂದೇ ದಿನ ಎಲ್ಲ ತೋಟಕ್ಕೂ ಮೋಹಕ ಬಲೆ ಕಟ್ಟಿಸುತ್ತೇನೆ ಎಂದಿರಿ. ನಂಬಿದೆವು, ಪಂಪು ಮುಟ್ಟಲಿಲ್ಲ. ಬಲೆ ಬಂದದ್ದು ಜೂನ್ ಕೊನೆಗೆ, ಅದೂ ಅರ್ಧ ಊರಿಗೆ. ಅಷ್ಟರಲ್ಲಿ ಬಾದಾಮಿ, ರಸಪುರಿ ಮುಗಿದಿದ್ದವು. ಮಂಡಿಯಲ್ಲಿ ಹಣ್ಣು ಕೊಯ್ದು ನೋಡಿದವರು ಹುಳ ತೋರಿಸಿ ಕ್ರೇಟುಗಳನ್ನು ಪಕ್ಕಕ್ಕೆ ತಳ್ಳಿದರು.

ಆ ಮಾತಿನಲ್ಲಿ ಮುಖ್ಯವಾದದ್ದು ‘ಒಂದೇ ದಿನ, ಎಲ್ಲ ತೋಟಕ್ಕೂ’ ಎಂಬುದೇ. ಬಲೆಯೊಳಗಿನ ಮೀಥೈಲ್ ಯೂಜಿನಾಲ್ ವಾಸನೆಗೆ ಬಂದು ಬೀಳುವುದು ಗಂಡು ನೊಣ ಮಾತ್ರ. ಸುತ್ತಮುತ್ತ ಗಂಡುಗಳೇ ಇಲ್ಲವಾದರೆ ಹೆಣ್ಣು ಕೂಡುವುದು ತಪ್ಪುತ್ತದೆ, ಸಂತತಿ ಕುಗ್ಗುತ್ತದೆ. ನನ್ನ ತೋಟದಲ್ಲಿ ಬಲೆ ತೂಗಿ ಪಕ್ಕದ ತೋಟದಲ್ಲಿ ಬಲೆ ಇಲ್ಲದಿದ್ದರೆ, ಅಲ್ಲಿ ಕೂಡಿದ ಹೆಣ್ಣು ಬೇಲಿ ದಾಟಿ ಬಂದು ನನ್ನ ಕಾಯಿಯನ್ನೇ ಚುಚ್ಚಿ ಮೊಟ್ಟೆ ಇಡುತ್ತದೆ. ಇದನ್ನು ಸಭೆಯಲ್ಲಿ ನಮಗೆ ಬಿಡಿಸಿ ಹೇಳಿದವರೂ ತಾವೇ.

ಕೇಳಲು ಬಂದಾಗ ಏನೆಂದಿರಿ? “ಬಲೆಯ ಡಬ್ಬಿಗಳು ಬಂದವಲ್ಲ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.” ಬಲೆಯೊಳಗಿನದು ಆವಿಯಾಗಿ ಹೋಗುವ ಮದ್ದು. ನಮಗೆ ಹಂಚಿದ ಪೊಟ್ಟಣಗಳು ಆಗಲೇ ಒಡೆದಿದ್ದವು. ವರ್ಷದ ದುಡಿಮೆ ಮಣ್ಣಾದವರ ಎದುರು ಆಡುವ ಮಾತೇ ಅದು?

ಈಗ ಊರಿನಲ್ಲಿ ಮತ್ತೆ ವಿಷದ ಮಾತು ಎದ್ದಿದೆ. ಆದರೆ ವಿಷಕ್ಕೆ ಈ ಹುಳ ಸಿಗುವುದೇ ಇಲ್ಲ. ಸಿಪ್ಪೆಯಡಿ ಒಡೆದ ಮೊಟ್ಟೆಯಿಂದ ಹೊರಟ ಮರಿ ತಿರುಳಿನೊಳಗೇ ಬೆಳೆಯುತ್ತದೆ, ಆಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ. ಕೊಯ್ಲಿನ ಹೊತ್ತಿಗೆ ಹೊಡೆದ ಔಷಧಿ ಸಿಪ್ಪೆಯ ಮೇಲೆ ಉಳಿದು ತಿನ್ನುವ ಮಕ್ಕಳ ಬಾಯಿಗೆ ಹೋಗುತ್ತದೆ. ಹಾಗೆಂದು ನೊಣವನ್ನು ಸುಮ್ಮನೆ ಬಿಡುವಂತೆಯೂ ಇಲ್ಲ: ಇಂಥದೇ ಹಣ್ಣು ನೊಣ ಸಿಕ್ಕಿತೆಂದು 2014ರ ಮೇ ತಿಂಗಳಿಂದ ಐರೋಪ್ಯ ಒಕ್ಕೂಟ ಭಾರತದ ಮಾವನ್ನೇ ನಿಲ್ಲಿಸಿತ್ತು. ಆ ನಿಷೇಧ ತೆರವಾದದ್ದು 2015ರಲ್ಲಿ. ಅಷ್ಟಾದರೂ ತಾವು ಪಾಠ ಕಲಿಯಲಿಲ್ಲವೇ?

ಅಂಗಡಿಯಲ್ಲಿ ವಿಷ ಕೇಳಿದ ದಿನವೇ ಸಿಗುತ್ತದೆ, ಸಾಲಕ್ಕೂ ಸಿಗುತ್ತದೆ. ವಿಷವಿಲ್ಲದ ದಾರಿಗೆ ಮಾತ್ರ ಟೆಂಡರು, ಮಂಜೂರಾತಿ, ಸಹಿ. ಉದುರಿದ ಹಣ್ಣು ಹೂಳಲು ಗುಂಡಿ ತೆಗೆಸಿಕೊಡಿ ಎಂದರೆ ಯೋಜನೆಯಲ್ಲಿ ಇಲ್ಲ ಎನ್ನುತ್ತೀರಿ. ಮರದಡಿ ಕೊಳೆಯುವ ಹಣ್ಣೇ ಊಜಿಯ ತೊಟ್ಟಿಲು, ಅದು ನಿಮಗೂ ಗೊತ್ತು. ತೋಟಕ್ಕೆ ಬಂದು ನೋಡುವ ಸಿಬ್ಬಂದಿಯೂ ಇಲ್ಲ. ರೈತ ವಿಷ ಸುರಿಯುತ್ತಾನೆ ಎಂದು ಭಾಷಣ ಮಾಡಲು ಮಾತ್ರ ವೇದಿಕೆ ಸಿಗುತ್ತದೆ.

ಬರುವ ಏಪ್ರಿಲ್‌ನಲ್ಲಿ ಯಾವ ದಿನ ಬಲೆ ಕಟ್ಟಿಸುತ್ತೀರಿ, ಯಾವ ಯಾವ ಸರ್ವೆ ನಂಬರಿಗೆ ಎಷ್ಟು ಎಂದು ಬರೆದು ಸಹಿ ಹಾಕಿ, ಪಂಚಾಯಿತಿ ಗೋಡೆಗೆ ಅಂಟಿಸಿ. ಅದು ಆಗುವವರೆಗೆ ನಮ್ಮ ಅರಳಿಕಟ್ಟೆಗೆ ಇನ್ನೊಂದು ಸಭೆಗೆಂದು ಬರಬೇಡಿ.

ಇಂತಿ,
ತಮ್ಮ ಮಾತು ನಂಬಿದ ಒಬ್ಬ ಮಾವು ಬೆಳೆಗಾರ