ಹೌದು, ಮಾತ್ರೆ ತಗೋತೀನಿ

ಸಂಗಾತಿಗಳೇ, ಕಳೆದ ವಾರ ಸಮಾವೇಶದ ತಯಾರಿ ಸಭೆ ಮುಗಿದ ಮೇಲೆ ಟೀ ಅಂಗಡೀಲಿ ಹಿರಿಯರೊಬ್ಬರು ಆಡಿದ ಮಾತು ನಾಲ್ಕು ಬಾಯಿ ದಾಟಿ ನನ್ನ ಕಿವಿಗೂ ಬಂತು. “ಅವನು ತಲೆ ಡಾಕ್ಟ್ರ ಹತ್ರ ಮಾತ್ರೆ ತಗೋತಾನಂತೆ. ಇಂಥೋರನ್ನ ಮುಂದೆ ಬಿಟ್ಕೊಂಡು ಏನ್ ಚಳವಳಿ ಕಟ್ತೀರಿ?”

ನೇರವಾಗಿ ನನ್ನನ್ನೇ ಕೇಳಬಹುದಿತ್ತು ಅಣ್ಣ. ಹೌದು, ತಗೋತೀನಿ. ಎಸಿಟಾಲೊಪ್ರಾಮ್, ದಿನಕ್ಕೊಂದು, ರಾತ್ರಿ ಊಟ ಆದಮೇಲೆ. ನಿದ್ದೆಗೆ ಇನ್ನೊಂದಿತ್ತು, ಅದನ್ನ ಡಾಕ್ಟ್ರೇ ನಿಲ್ಲಿಸಿದ್ರು. ನಮ್ಮ ವೇದಿಕೆ ಮೇಲೆ ಕೂರೋರಲ್ಲಿ ಶುಗರ್ ಮಾತ್ರೆ ನುಂಗೋರು ಎಷ್ಟು ಜನ ಅಂತ ನಾನು ಲೆಕ್ಕ ಹಾಕಕ್ಕೆ ಹೋಗಿಲ್ಲ.

‘ಡಿಪ್ರೆಶನ್ನು ಹೊಟ್ಟೆ ತುಂಬಿದೋರ ಕಾಯಿಲೆ’ ಅನ್ನೋ ಮಾತು ನಮ್ಮಲ್ಲಿ ಬಹಳ ಓಡಾಡುತ್ತೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಇದಕ್ಕೆ ಉಲ್ಟಾ ಹೇಳುತ್ತೆ: ಆದಾಯ ಕಡಿಮೆ ಇರೋ ಮನೆಗಳಲ್ಲೇ ತೊಂದರೆ ಜಾಸ್ತಿ. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ. ಹೊಟ್ಟೆ ತುಂಬಿದೋರಿಗೆ ಇರೋದು ಡಾಕ್ಟ್ರು. ಕಾಯಿಲೆ ನಮ್ಮ ಕೇರೀಲೂ ಇದೆ, ಅಲ್ಲಿ ಅದಕ್ಕೆ ಸೋಮಾರಿತನ, ಕುಡಿತ, ಗಾಳಿ ಸೋಕಿದ್ದು ಅಂತ ಬೇರೆ ಬೇರೆ ಹೆಸರು.

ನನಗೆ ಬಂದದ್ದು ಹಿಂಗೆ. ಆರು ವರ್ಷ ಸತತವಾಗಿ ದೌರ್ಜನ್ಯದ ಕೇಸುಗಳ ಹಿಂದೆ ಓಡಾಡಿದ್ದೆ. ಶವಾಗಾರದ ಮುಂದೆ ಪೋಸ್ಟ್‌ಮಾರ್ಟಂ ಮುಗಿಯೋತನಕ ಕಾಯೋದು. ಎಫ್‌ಐಆರ್ ಹಾಕಿ ಅಂತ ಠಾಣೆ ಮುಂದೆ ರಾತ್ರಿ ಕೂರೋದು. ಬೆಳಗಾದ್ರೆ ರಾಜಿಗೆ ಬಂದ ಊರ ಯಜಮಾನರ ಜೊತೆ ಜಗಳ. ಒಂದು ದಿನ ಫೋನ್ ರಿಂಗಾದಾಗ ಎತ್ತೋಕಾಗಲಿಲ್ಲ. ಎದೆ ಹೊಡ್ಕೊಳ್ಳೋದು, ಕೈ ಬೆವರೋದು. ಆಮೇಲೆ ಸ್ನಾನ ಬಿಟ್ಟೆ, ಓದೋದು ಬಿಟ್ಟೆ, ಬೆಳಗಿನ ಜಾವ ಮೂರಕ್ಕೆ ಎದ್ದು ಗೋಡೆ ನೋಡ್ಕೊಂಡು ಕೂರೋದು ಶುರುವಾಯ್ತು. ಸತ್ತುಹೋದ್ರೆ ಸಾಕು ಅನ್ನೋ ಯೋಚನೆ ಬಂದು ಹೋಗೋದಲ್ಲ, ಬಂದು ಕೂತ್ಕೊಂಡಿತ್ತು. “ಯಾವ ಗಾಳಿ ಸೋಕುದೋ ಕಾಣಿ ನನ್ ಕಂದುಂಗ” ಅಂತ ಅವ್ವ ಯಂತ್ರ ತಂದು ಕಟ್ಟಿದ್ಲು. ಕಟ್ಟಿಸ್ಕೊಂಡೆ. ವಿಚಾರವಾದಿಗಳು ಬೈಕೊಳ್ಳಿ, ಆ ಮನೇಲಿ ಏನೋ ಆಗಿದೆ ಅಂತ ಗುರುತಿಸಿದ್ದು ಅವಳೊಬ್ಬಳೇ.

ಮೊದಲು ಹೋದದ್ದು ಸಿಟಿಯ ಖಾಸಗಿ ಡಾಕ್ಟ್ರ ಹತ್ರ. ಆ ವರ್ಷ ಬಾಡಿಗೆಗೆ ಒಂಬತ್ತು ಮನೆ ನೋಡಿದ್ದೆ. ಒಂಬತ್ತರಲ್ಲೂ ಹೆಸರು, ಊರು, ಕೊನೆಗೆ ‘ನೀವು ಯಾವ ಜನ’. ಸಂಜೆಗೆ ಫೋನು: ‘ನಮ್ಮ ತಂಗಿ ಮಗ ಬರ್ತಾನೆ, ಬೇಜಾರು ಮಾಡ್ಕೋಬೇಡಿ.’ ಇದನ್ನ ಹೇಳ್ದೆ. ಆತ ನಕ್ಕು, “ಈಗೆಲ್ಲಾ ಜಾತಿ ಎಲ್ಲಿದೆ? ಅದನ್ನ ತಲೆಗೆ ಹಚ್ಕೊಂಡಿರೋದೇ ನಿಮ್ಮ ಪ್ರಾಬ್ಲಮ್ಮು” ಅಂದ್ರು. ಅಲ್ಲೇ ಇದ್ದ ಕೌನ್ಸೆಲರ್, ದಿನಾ ಮಲಗೋ ಮುಂಚೆ ಐದು ಒಳ್ಳೇ ವಿಷಯ ಬರೀರಿ ಅಂದ್ರು. ಒಂಬತ್ತು ಮನೆಯೋರಿಗೆ ಥ್ಯಾಂಕ್ಸ್ ಬರೀಲಾ? ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಜಾತಿಯ ಆಧಾರದ ಮೇಲೆ ತಾರತಮ್ಯ ಇಲ್ಲದ ಚಿಕಿತ್ಸೆ ನನ್ನ ಹಕ್ಕು ಅನ್ನುತ್ತೆ. ರೋಗಿ ಹೇಳಿದ ಜಾತಿಯ ಮಾತನ್ನೇ ರೋಗದ ಲಕ್ಷಣ ಅಂತ ಬರ್ಕೊಳ್ಳೋದನ್ನ ಏನಂತ ಕರೀಬೇಕು?

ವಾಪಸ್ ಹೋಗಲಿಲ್ಲ. ಎರಡು ತಿಂಗಳಾದ್ಮೇಲೆ ಗೆಳೆಯನೊಬ್ಬ ಬೈಕಲ್ಲಿ ಕೂರಿಸ್ಕೊಂಡು ತಾಲೂಕು ಆಸ್ಪತ್ರೆಗೆ ಕರ್ಕೊಂಡು ಹೋದ. ಸರ್ಕಾರದ್ದು ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಮಂಗಳವಾರ ಮನೋವೈದ್ಯರು ಬರ್ತಾರೆ. ಉದ್ದ ಕ್ಯೂ, ಒಬ್ಬೊಬ್ಬರಿಗೆ ಐದು ನಿಮಿಷ. ಆ ಐದು ನಿಮಿಷದಲ್ಲಿ ಅದೇ ಬಾಡಿಗೆ ಮನೆ ಕತೆ ಹೇಳ್ದೆ. ಆಯಮ್ಮ ಪೆನ್ನು ಕೆಳಗಿಟ್ಟು ಕೇಳಿದ್ದು ಒಂದೇ: “ಆಮೇಲೆ ಮನೆ ಸಿಕ್ತಾ?” ಸಿಕ್ಕಿಲ್ಲ ಅಂದೆ. ಹಂಗಂತ ಬರ್ಕೊಂಡ್ರು. ಆ ಕ್ಲಿನಿಕ್ಕಿಗೆ ಇವತ್ತಿಗೂ ಹೋಗ್ತೀನಿ.

ತಮಟೆ ಬಡಿದು, ಕ್ರಾಂತಿಗೀತೆ ಹಾಡಿ ವಾಸಿ ಆದೆ ಅಂತ ಬರೆದಿದ್ರೆ ಈ ಪೋಸ್ಟಿಗೆ ಲೈಕು ಜಾಸ್ತಿ ಬರ್ತಿತ್ತು. ಆದದ್ದು ಹಂಗಲ್ಲ. ಮೊದಲ ಎರಡು ವಾರ ಬಾಯಿ ಒಣಗೋದು, ಹೊಟ್ಟೆ ತೊಳಸೋದು ಬಿಟ್ರೆ ಏನೂ ಇಲ್ಲ. ಆಮೇಲೆ ನಿದ್ದೆ ಬಂತು. ಒಂದೂವರೆ ತಿಂಗಳಿಗೆ ಅವ್ವ ಮಾಡಿದ ಉಪ್ಸಾರಿನ ರುಚಿ ನಾಲಗೆಗೆ ಗೊತ್ತಾಯ್ತು. ತಮಟೆ, ಸಭೆ, ಗೆಳೆಯರು ಆಮೇಲೆ ಬಂದ್ರು, ಅವರೂ ಬೇಕಿತ್ತು. ಆದ್ರೆ ಎದ್ದು ಬಾಗಿಲತನಕ ಬರೋ ಶಕ್ತಿ ಕೊಟ್ಟದ್ದು ಮಾತ್ರೆ.

ಈಗ ನಿಜವಾದ ತಕರಾರಿಗೆ ಬರ್ತೀನಿ. ನಮ್ಮೋರು ‘ಖಿನ್ನತೆ’ ಅನ್ನೋ ಪದಕ್ಕೆ ಹೆದರೋದಕ್ಕೆ ಕಾರಣ ಇದೆ, ಅದು ನನಗೂ ಗೊತ್ತು. 2016ರ ಜನವರಿ 17ರಂದು ರೋಹಿತ್ ವೇಮುಲ ತೀರಿಕೊಂಡಾಗ ಅವರನ್ನ ಹಾಸ್ಟೆಲಿನಿಂದ ಹೊರಗೆ ಹಾಕಲಾಗಿತ್ತು, ಏಳು ತಿಂಗಳ ಫೆಲೋಶಿಪ್ ಬಾಕಿ ಇತ್ತು. ಕೇಂದ್ರ ನೇಮಿಸಿದ ಏಕಸದಸ್ಯ ಆಯೋಗ ಅದನ್ನ ವೈಯಕ್ತಿಕ ಹತಾಶೆ ಅಂತ ಬರೀತು. 2023ರಲ್ಲಿ ಬಾಂಬೆ ಐಐಟಿಯ ದರ್ಶನ್ ಸೋಲಂಕಿ ವಿಷಯದಲ್ಲಿ ಸಂಸ್ಥೆಯ ಸಮಿತಿ ಜಾತಿ ತಾರತಮ್ಯಕ್ಕೆ ನೇರ ಸಾಕ್ಷ್ಯ ಇಲ್ಲ ಅಂತು, ಓದಿನಲ್ಲಿ ಹಿಂದೆ ಬಿದ್ದದ್ದರ ಕಡೆ ಬೆರಳು ತೋರಿಸ್ತು. ಅಂದ್ರೆ ಮನಸ್ಸಿನ ನೋವನ್ನ ಅವರು ಬಳಸೋದು ತಮ್ಮ ಕೈ ತೊಳ್ಕೊಳ್ಳೋಕೆ. ಅದಕ್ಕೆ ನಾವು ‘ಅವನಿಗೆ ಖಿನ್ನತೆ ಇರಲಿಲ್ಲ, ಅವನು ಗಟ್ಟಿ ಹೋರಾಟಗಾರ’ ಅಂತ ವಾದಿಸ್ತೀವಿ.

ಯಾಕೆ ವಾದಿಸ್ಬೇಕು? ಏಟು ತಿಂದೋನ ಮೂಳೆ ಮುರಿದಿದೆ ಅಂತ ಒಪ್ಕೊಂಡ್ರೆ ಏಟು ಕೊಟ್ಟೋನು ಖುಲಾಸೆ ಆಗ್ತಾನಾ? ಎಕ್ಸ್‌ರೇ ನಮ್ಮ ಸಾಕ್ಷಿ. ಅಟ್ರಾಸಿಟಿ ಆಕ್ಟಿನ 2015ರ ತಿದ್ದುಪಡಿ ಜಾರಿಗೆ ಬಂದದ್ದು 2016ರ ಜನವರಿ 26ಕ್ಕೆ, ರೋಹಿತ್ ಹೋದ ಒಂಬತ್ತನೇ ದಿನ. ಅದರಲ್ಲಿ ‘ಸಂತ್ರಸ್ತ’ ಯಾರು ಅನ್ನೋ ವ್ಯಾಖ್ಯಾನ ತೆಗೆದು ಓದಿ: ದೈಹಿಕ ಹಾನಿ ಜೊತೆಗೆ ಮಾನಸಿಕ, ಭಾವನಾತ್ಮಕ ಹಾನಿನೂ ಬರುತ್ತೆ. ಕಾನೂನೇ ಒಪ್ಪಿದೆ. ಆದ್ರೆ ನಾನು ಇಷ್ಟು ವರ್ಷದಲ್ಲಿ ಕೈಯಾರೆ ತಿರುವಿ ಹಾಕಿದ ಒಂದು ಚಾರ್ಜ್‌ಶೀಟಲ್ಲೂ ಮನೋವೈದ್ಯರ ವರದಿ ನೋಡಿಲ್ಲ. ಗಾಯದ ಸರ್ಟಿಫಿಕೇಟ್ ಇರುತ್ತೆ. ಬಹಿಷ್ಕಾರದ ಊರಲ್ಲಿ ಮೂರು ತಿಂಗಳು ನಿದ್ದೆ ಇಲ್ಲದ ಹೆಂಗಸಿನ ಬಗ್ಗೆ ಒಂದು ಸಾಲಿರಲ್ಲ. ಪೊಲೀಸರು ಬರೆಸಲ್ಲ, ನಮ್ಮ ವಕೀಲರೂ ಕೇಳಲ್ಲ, ನಾವು ನಾಚ್ಕೋತೀವಿ.

“ಬಾಬಾಸಾಹೇಬರ ಮಕ್ಕಳು ಅಳಲ್ಲ” ಅಂತ ಭಾಷಣ ಮಾಡೋರಿಗೆ ಒಂದು ವಿಷಯ. ವಿದೇಶದಲ್ಲಿ ಓದಿ ಬಂದ ಬಾಬಾಸಾಹೇಬರನ್ನ ಬರೋಡಾದಲ್ಲಿ ಪಾರ್ಸಿ ಛತ್ರದಿಂದ ಓಡಿಸೋಕೆ ಹತ್ತು–ಹನ್ನೆರಡು ಜನ ದೊಣ್ಣೆ ಹಿಡ್ಕೊಂಡು ಬಂದಿದ್ರು. ಊರಲ್ಲಿ ತಲೆ ಮರೆಸ್ಕೊಳ್ಳೋಕೆ ಜಾಗ ಸಿಗದೆ ಪಾರ್ಕಲ್ಲಿ ಕೂತಿದ್ದು, ರೈಲು ಹತ್ತಿ ಮುಂಬೈಗೆ ಹೋದ್ರು. ಹದಿನೆಂಟು ವರ್ಷ ಆದ್ಮೇಲೂ ಆ ದೃಶ್ಯ ನೆನೆದ್ರೆ ಕಣ್ಣೀರು ಬರುತ್ತೆ ಅಂತ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಬರೆದಿದಾರೆ. ಅವರು ಮುಚ್ಚಿಡದೆ ಬರೆದದ್ದನ್ನ ನೀವು ಯಾಕೆ ಮುಚ್ಚಿಡ್ತೀರಿ?

ಸಮಾವೇಶದ ಅಜೆಂಡಾಕ್ಕೆ ಎರಡು ವಿಷಯ ಬರೆದು ಕೊಟ್ಟಿದೀನಿ. ಸತ್ಯಶೋಧನೆಗೆ ಹೋದೋರನ್ನ ವಾಪಸ್ ಬಂದ ಮಾರನೇ ದಿನವೇ ಇನ್ನೊಂದು ಊರಿಗೆ ಕಳಿಸಬಾರದು, ಸಂತ್ರಸ್ತ ಕುಟುಂಬದ ಫೋನು ಒಬ್ಬರ ತಲೆ ಮೇಲೇ ಬೀಳಬಾರದು. ಇನ್ನು ಮೇಲೆ ನಾವು ಕೈ ಹಾಕೋ ಪ್ರತಿ ಅಟ್ರಾಸಿಟಿ ಕೇಸಲ್ಲೂ ಸಂತ್ರಸ್ತರನ್ನ ಮನೋವೈದ್ಯರಿಗೆ ತೋರಿಸಿ, ವರದಿಯನ್ನ ತನಿಖಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೋಬೇಕು. ವಿರೋಧ ಇರೋರು ವೇದಿಕೆ ಮೇಲೆ ಬಂದು ಮಾತಾಡಿ, ಟೀ ಅಂಗಡೀಲಿ ಬೇಡ.

ರಾತ್ರಿ ಹೊತ್ತು ತೀರಾ ಕಷ್ಟ ಆದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಮಂಗಳವಾರ ಒಬ್ಬರೇ ಆಸ್ಪತ್ರೆಗೆ ಹೋಗೋಕೆ ಹಿಂಜರಿಕೆ ಇದ್ರೆ ಇನ್‌ಬಾಕ್ಸ್ ಮಾಡಿ. ನಂಜನಗೂಡು, ಚಾಮರಾಜನಗರದ ಕಡೆಯೋರಾದ್ರೆ ಕ್ಯೂನಲ್ಲಿ ಜೊತೆಗೆ ನಾನೇ ನಿಂತ್ಕೋತೀನಿ.

ಜೈಭೀಮ್.